ಶೋಯೆಬುಲ್ಲಾ ಖಾನ್: ನಿಜಾಮನ ನಾಡಿನ ನಿರ್ಭೀತ ಪತ್ರಕರ್ತ

ಭಾರತಕ್ಕೆ ಸ್ವಾತಂತ್ರ್ಯ ಬಂದು ವರ್ಷ ಕಳೆದರೂ ಆಳಂದ, ಅಫಜಲಪುರ ಹಾಗೂ ಜೇವರ್ಗಿಯ ಜನರ ಪಾಲಿಗೆ ಅದು ಗಡಿಯಾಚೆಯ ಸಂಗತಿಯಾಗಿತ್ತು. ಅತ್ತ ಅಕ್ಕಲಕೋಟೆ, ಇತ್ತ ಸಿಂದಗಿ ಸೀಮೆಯಲ್ಲಿ ತ್ರಿವರ್ಣ ಧ್ವಜ ಹಾರುತ್ತಿದ್ದರೆ, ಗುಲ್ಬರ್ಗಾ ಜಿಲ್ಲೆಯ ಈ ಹಳ್ಳಿಗಳು ನಿಜಾಮನ ಆಳ್ವಿಕೆಯಲ್ಲಿ ರಜಾಕಾರರ ಭಯದಿಂದ ದಿನ ದೂಡುತ್ತಿದ್ದವು. ದೂರದರ್ಶನ ಇಲ್ಲದ ಕಾಲವದು. ಡೆಕ್ಕನ್ ರೇಡಿಯೋ ಸರ್ಕಾರದ ಹಿಡಿತದಲ್ಲಿತ್ತು. ಹಳ್ಳಿಗಳಲ್ಲಿ ನಡೆಯುತ್ತಿದ್ದ ಸುಲಿಗೆ, ಹಲ್ಲೆಗಳ ಸುದ್ದಿಯನ್ನು ಸಂಸ್ಥಾನದೊಳಗೇ ಕುಳಿತು ಅಚ್ಚಿಗೆ ಹಾಕುವ ಧೈರ್ಯ ಕೆಲವರಿಗಷ್ಟೇ ಇತ್ತು. ಅವರಲ್ಲಿ ಪ್ರಮುಖರು ಉರ್ದು ದೈನಿಕ ‘ಇಮ್ರೋಜ್’ನ ಸಂಪಾದಕ ಶೋಯೆಬುಲ್ಲಾ ಖಾನ್.

ಅವರು ಜನಿಸಿದ್ದು 1920ರ ಅಕ್ಟೋಬರ್ 17ರಂದು, ತೆಲಂಗಾಣದ ವಾರಂಗಲ್ ಸೀಮೆಯಲ್ಲಿ. ತಂದೆ ಹಬೀಬುಲ್ಲಾ ಖಾನ್ ರೈಲ್ವೆ ಪೊಲೀಸ್ ಇಲಾಖೆಯ ನೌಕರರು. ಉಸ್ಮಾನಿಯಾ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಮಗನಿಗೆ ಸರ್ಕಾರಿ ಹುದ್ದೆಯೊಂದು ದೊರೆಯುವುದು ಕಷ್ಟವೇನೂ ಆಗಿರಲಿಲ್ಲ. ಆದರೆ ಅವರು ಆರಿಸಿಕೊಂಡದ್ದು ಪತ್ರಿಕಾ ವೃತ್ತಿಯನ್ನು. ಮೊದಲು ಸೇರಿದ ‘ತೇಜ್’ ವಾರಪತ್ರಿಕೆಯನ್ನು ನಿಜಾಮ ಸರ್ಕಾರ ನಿಷೇಧಿಸಿತು. ಬಳಿಕ ಮಂದುಮುಲ ನರಸಿಂಗ ರಾವ್ ಅವರ ‘ರಯ್ಯತ್’ ಸೇರಿದರು. ಅದಕ್ಕೂ ಬೀಗ ಬಿತ್ತು.

ಎರಡು ಪತ್ರಿಕೆಗಳು ಮುಚ್ಚಿದ ಮೇಲೆ ಮತ್ತೊಬ್ಬರಾಗಿದ್ದರೆ ಬೇರೆ ದಾರಿ ಹಿಡಿಯುತ್ತಿದ್ದರೇನೋ. ಶೋಯೆಬುಲ್ಲಾ ಅವರು ಬೂರ್ಗುಲ ರಾಮಕೃಷ್ಣ ರಾವ್ ಮೊದಲಾದವರ ನೆರವಿನಿಂದ 1947ರ ನವೆಂಬರ್‌ನಲ್ಲಿ ‘ಇಮ್ರೋಜ್’ ಆರಂಭಿಸಿದರು. ಹೈದರಾಬಾದ್ ಭಾರತದೊಂದಿಗೆ ವಿಲೀನವಾಗಬೇಕು, ಆಡಳಿತ ಪ್ರಜೆಗಳ ಕೈಗೆ ಬರಬೇಕು ಎಂಬುದು ಪತ್ರಿಕೆಯ ನಿಲುವು. ಇದನ್ನೇ ಗಡಿಯಾಚೆಯ ಮರಾಠಿ, ಕನ್ನಡ ಪತ್ರಿಕೆಗಳು ಬರೆದರೆ ಪರಕೀಯರ ಮಾತೆಂದು ತಳ್ಳಿಹಾಕಬಹುದಿತ್ತು. ಮುಸ್ಲಿಂ ಯುವಕನೊಬ್ಬ, ಆಡಳಿತದ ಭಾಷೆಯಾದ ಉರ್ದುವಿನಲ್ಲೇ, ರಾಜಧಾನಿಯಿಂದಲೇ ಬರೆದದ್ದನ್ನು ಹಾಗೆ ತಳ್ಳಿಹಾಕುವಂತಿರಲಿಲ್ಲ. ರಜಾಕಾರರ ಕೋಪಕ್ಕೆ ಇದೇ ಮುಖ್ಯ ಕಾರಣ.

ಬೆದರಿಕೆ ಪತ್ರಗಳು ಬಂದವು. ಮನೆಯಲ್ಲಿ ವಯಸ್ಸಾದ ತಂದೆತಾಯಿ, ಯುವ ಪತ್ನಿ ಇದ್ದರೂ ಲೇಖನಿಯ ಮೊನೆ ಮೊಂಡಾಗಲಿಲ್ಲ. 1948ರ ಆಗಸ್ಟ್‌ನಲ್ಲಿ ಬಾಕರ್ ಅಲಿ ಮಿರ್ಜಾ ಸೇರಿದಂತೆ ಏಳು ಮಂದಿ ಮುಸ್ಲಿಂ ಗಣ್ಯರು ವಿಲೀನವನ್ನು ಬೆಂಬಲಿಸಿ, ರಜಾಕಾರ ಪಡೆಯನ್ನು ವಿಸರ್ಜಿಸಬೇಕೆಂದು ಹೇಳಿಕೆ ನೀಡಿದರು. ‘ಇಮ್ರೋಜ್’ ಅದನ್ನು ಪ್ರಕಟಿಸಿತು. ಲಾತೂರಿನ ವಕೀಲ, ರಜಾಕಾರ ಮುಖಂಡ ಖಾಸಿಂ ರಜ್ವಿ ಆಗಸ್ಟ್ 19ರ ಸಭೆಯಲ್ಲಿ, ತಮ್ಮ ವಿರುದ್ಧ ಏಳುವ ಕೈಗಳನ್ನು ಕತ್ತರಿಸಲಾಗುವುದೆಂದು ಬಹಿರಂಗವಾಗಿಯೇ ಎಚ್ಚರಿಸಿದ.

ಅದು ಬರೀ ಭಾಷಣವಾಗಿ ಉಳಿಯಲಿಲ್ಲ. ಆಗಸ್ಟ್ 21ರ ರಾತ್ರಿ ಕಚೇರಿಯ ಕೆಲಸ ಮುಗಿಸಿ, ಭಾವಮೈದುನ ಇಸ್ಮಾಯಿಲ್ ಖಾನ್ ಜತೆ ಕಾಚಿಗುಡಾ ಬಳಿಯ ಮನೆಯತ್ತ ಬರುತ್ತಿದ್ದ ಶೋಯೆಬುಲ್ಲಾ ಅವರನ್ನು ಹಂತಕರು ಅಡ್ಡಗಟ್ಟಿದರು. ಗುಂಡು ಹಾರಿಸಿ, ಕತ್ತಿಯಿಂದ ಕೈಗಳನ್ನೇ ಕಡಿದರು. ರಕ್ಷಣೆಗೆ ಧಾವಿಸಿದ ಇಸ್ಮಾಯಿಲ್ ಅವರ ಮೇಲೂ ಕತ್ತಿ ಬೀಸಿದರು. ಅವರು ಬದುಕುಳಿದರು. ಸಂಪಾದಕರು ಬೆಳಗಿನ ಜಾವ ಕೊನೆಯುಸಿರೆಳೆದರು. ಆಗ ಅವರಿಗೆ ಇನ್ನೂ 28 ತುಂಬಿರಲಿಲ್ಲ. ‘ಇಮ್ರೋಜ್’ಗೆ ಒಂದು ವರ್ಷವೂ ಆಗಿರಲಿಲ್ಲ.

ಮೂರು ವಾರಗಳ ಬಳಿಕ, ಸೆಪ್ಟೆಂಬರ್ 13ರಂದು, ಮೇಜರ್ ಜನರಲ್ ಜೆ.ಎನ್. ಚೌಧುರಿ ನೇತೃತ್ವದ ಭಾರತೀಯ ಸೇನೆ ಸೊಲ್ಲಾಪುರದ ಕಡೆಯಿಂದ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮ ಶರಣಾದ. ರಜ್ವಿ ಸೆರೆವಾಸ ಅನುಭವಿಸಿ 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ತೆರಳಿದ. ಗುಲ್ಬರ್ಗಾ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 2014ರಿಂದ ಅದರ ಹೆಸರು ಕಲಬುರಗಿ. ಪ್ರತಿ ಸೆಪ್ಟೆಂಬರ್ 17ರಂದು ಇಲ್ಲಿ ಧ್ವಜಾರೋಹಣ ನಡೆಯುತ್ತದೆ. ಸ್ವಾಮಿ ರಮಾನಂದ ತೀರ್ಥರ ಸ್ಮರಣೆಯಂತೂ ತಪ್ಪುವುದಿಲ್ಲ. ‘ಇಮ್ರೋಜ್’ ಸಂಪಾದಕರ ಹೆಸರು ಕೇಳಿಬರುವುದು ಅಪರೂಪ.