ಸಣ್ಣ ನಳಿಗೆ, ದೂರದ ಗುರಿ: ಜೋಸೆಫ್ ವಿಟ್ವರ್ತ್ ಕಥೆ

ಮೆಕ್ಯಾನಿಕಲ್‌ನವರಿಗೆ ವಿಟ್ವರ್ತ್ ಅಂದ್ರೆ ಕ್ವಿಕ್ ರಿಟರ್ನ್ ಮೆಕ್ಯಾನಿಸಂ. ಚಿತ್ರ ಬರೆದು, ಮುಂದಕ್ಕೆ ಹೋಗೋ ಹೊತ್ತಿಗೂ ಹಿಂದಕ್ಕೆ ಬರೋ ಹೊತ್ತಿಗೂ ಅನುಪಾತ ಹಾಕಿದ್ರೆ ಮಾರ್ಕ್ಸ್ ಬಂತು, ಮುಗೀತು. ಆ ಹೆಸರಿನ ಮನುಷ್ಯ ಯಾರು ಅಂತ ಕೇಳಿದವರು ನಮ್ಮಲ್ಲಿ ಕಡಿಮೆ. ಉಳಿದ ಬ್ರಾಂಚಿನವರಿಗಂತೂ ಅಷ್ಟು ಪರಿಚಯವೂ ಇಲ್ಲ. ಈ ಸಲ ನಾವು ಅವನ ಬದುಕಿನ ಕಥೆ ಹೇಳೋಣ ಅಂತಿದ್ದೇವೆ. ಅದರಲ್ಲೂ ಮುಖ್ಯವಾಗಿ, ತನ್ನ ಕಾಲದ ಸೈನ್ಯದ ಬಂದೂಕಿಗಿಂತ ಸಣ್ಣ ನಳಿಗೆಯಿಟ್ಟುಕೊಂಡು ಅದಕ್ಕಿಂತ ಎಷ್ಟೋ ದೂರ, ಎಷ್ಟೋ ನಿಖರವಾಗಿ ಹೊಡೆದ ಅವನ ರೈಫಲ್ಲಿನ ಕಥೆ.

ಜೋಸೆಫ್ ವಿಟ್ವರ್ತ್ ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ. ಅಪ್ಪ ಮೇಷ್ಟ್ರು, ಆಮೇಲೆ ಪಾದ್ರಿಯಾದವರು. ಹುಡುಗನಿಗೆ ಹತ್ತು-ಹನ್ನೊಂದು ವರ್ಷವಾದಾಗ ತಾಯಿ ತೀರಿಕೊಂಡಳು. ಹದಿನಾಲ್ಕಕ್ಕೆ ಡರ್ಬಿಶೈರ್‌ನಲ್ಲಿದ್ದ ಬಂಧುವಿನ ಹತ್ತಿ ಗಿರಣಿಗೆ ಕಳಿಸಿದರು. ವ್ಯಾಪಾರ ಕಲಿತು ಮುಂದೆ ಗಿರಣಿ ನೋಡಿಕೊಳ್ಳಲಿ ಅನ್ನೋದು ಮನೆಯವರ ಲೆಕ್ಕ. ಹುಡುಗನ ಕಣ್ಣು ಮಾತ್ರ ಲೆಕ್ಕದ ಪುಸ್ತಕದ ಮೇಲಿರಲಿಲ್ಲ, ಯಂತ್ರಗಳ ಮೇಲಿತ್ತು. ಕೆಲವು ವರ್ಷ ತಡೆದುಕೊಂಡು, ಕೊನೆಗೆ ಗಿರಣಿ ಬಿಟ್ಟು ಮ್ಯಾಂಚೆಸ್ಟರ್‌ಗೆ ಹೋಗಿ ಸಾಮಾನ್ಯ ಮೆಕ್ಯಾನಿಕ್ ಆಗಿ ಸೇರಿಕೊಂಡ.

1825ರಲ್ಲಿ ಮದುವೆಯಾಗಿ ಲಂಡನ್ನಿಗೆ ಹೋದ. ಅಲ್ಲಿ ಹೆನ್ರಿ ಮಾಡ್ಸ್ಲೆಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಆ ಕಾಲದ ಇಂಗ್ಲೆಂಡಿನ ಒಳ್ಳೆಯ ಯಂತ್ರಶಿಲ್ಪಿಗಳಲ್ಲಿ ಅರ್ಧ ಜನ ಆ ಗರಡಿಯಲ್ಲೇ ಪಳಗಿದವರು ಅಂದ್ರೆ ತಪ್ಪಿಲ್ಲ. ಆಮೇಲೆ ಜೋಸೆಫ್ ಕ್ಲೆಮೆಂಟ್ ಹತ್ತಿರವೂ ದುಡಿದ. ಚಾರ್ಲ್ಸ್ ಬ್ಯಾಬೇಜ್‌ನ ಲೆಕ್ಕದ ಯಂತ್ರದ ಭಾಗಗಳನ್ನು ಮಾಡುತ್ತಿದ್ದವನು ಇದೇ ಕ್ಲೆಮೆಂಟ್. ಹಾಗಾಗಿ ಕಂಪ್ಯೂಟರ್ ಸೈನ್ಸ್‌ನವರೂ ವಿಟ್ವರ್ತ್‌ನನ್ನು ದೂರದ ನೆಂಟ ಅಂತ ಹೇಳಿಕೊಳ್ಳಬಹುದು.

ಲಂಡನ್ನಿನಲ್ಲಿದ್ದಾಗಲೇ ಅವನ ತಲೆ ತಿಂದ ಪ್ರಶ್ನೆ ಒಂದಿತ್ತು: ಸಪಾಟು ಅಂದ್ರೆ ಎಷ್ಟು ಸಪಾಟು? ಎರಡು ಲೋಹದ ಫಲಕಗಳನ್ನು ಒಂದರ ಮೇಲೊಂದಿಟ್ಟು ತಿಕ್ಕಿದರೆ ಅವು ಸರಿಯಾಗಿ ಕೂರುತ್ತವೆ ನಿಜ. ಆದರೆ ಒಂದು ಸ್ವಲ್ಪ ಉಬ್ಬಿ, ಇನ್ನೊಂದು ಅಷ್ಟೇ ತಗ್ಗಿದ್ದರೂ ಹಾಗೇ ಕೂರುತ್ತವೆ, ಮೋಸ ಗೊತ್ತಾಗಲ್ಲ. ಇದಕ್ಕೆ ಉಪಾಯ, ಮೂರನೆಯ ಫಲಕ. ಮೂರನ್ನೂ ಅದಲು ಬದಲು ಮಾಡಿ ಪರೀಕ್ಷಿಸಬೇಕು, ಬಣ್ಣ ಹತ್ತಿದ ಎತ್ತರದ ಜಾಗವನ್ನು ಸ್ಕ್ರೇಪರ್‌ನಿಂದ ಹೆರೆಯಬೇಕು. ಯಾವ ಎರಡನ್ನು ಜೋಡಿಸಿದರೂ ಪೂರ್ತಿ ಕೂತರೆ ಮೂರೂ ಸಪಾಟು, ಬೇರೆ ದಾರಿಯೇ ಇಲ್ಲ. ಈ ವಿಧಾನವನ್ನು ಅವನು 1840ರಲ್ಲಿ ಗ್ಲಾಸ್ಗೋದ ವಿದ್ವಾಂಸರ ಸಭೆಯಲ್ಲಿ ಮಂಡಿಸಿದ. ನಮ್ಮ ವರ್ಕ್‌ಶಾಪಿನ ಸರ್ಫೇಸ್ ಪ್ಲೇಟ್ ಹಿಂದೆ ಇರುವುದು ಇದೇ ತರ್ಕ.

ಅಷ್ಟರಲ್ಲಿ, 1833ರಲ್ಲೇ, ಮ್ಯಾಂಚೆಸ್ಟರ್‌ಗೆ ವಾಪಸ್ ಬಂದು ಸ್ವಂತ ಕಾರ್ಖಾನೆ ಶುರು ಮಾಡಿದ್ದ. ಆಗ ಒಂದೊಂದು ಕಾರ್ಖಾನೆಗೆ ಒಂದೊಂದು ಥರದ ಸ್ಕ್ರೂ. ಇಲ್ಲಿಯ ಬೋಲ್ಟ್ ಅಲ್ಲಿಯ ನಟ್ಟಿಗೆ ಕೂರುತ್ತಿರಲಿಲ್ಲ. ವಿಟ್ವರ್ತ್ ಬೇರೆ ಬೇರೆ ಕಾರ್ಖಾನೆಗಳ ಸ್ಕ್ರೂಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದು, 1841ರಲ್ಲಿ ಎಲ್ಲರಿಗೂ ಒಂದೇ ಪದ್ಧತಿ ಸೂಚಿಸಿದ. ಥ್ರೆಡ್ಡಿನ ಕೋನ 55 ಡಿಗ್ರಿ. ಈಗಿನ ಮೆಟ್ರಿಕ್ ಥ್ರೆಡ್ 60 ಡಿಗ್ರಿಯದು. ಆದರೂ ನಮ್ಮ ಮನೆಗಳ ಅರ್ಧ ಇಂಚಿನ ಪೈಪಿಗೂ ನಲ್ಲಿಗೂ ಇರುವ ಥ್ರೆಡ್ ಇವತ್ತಿಗೂ ಆ 55 ಡಿಗ್ರಿಯದೇ. 1851ರ ಲಂಡನ್ ಮಹಾ ಪ್ರದರ್ಶನದ ಹೊತ್ತಿಗೆ ಅವನ ಅಳತೆಯ ಯಂತ್ರ ಇಂಚಿನ ಹತ್ತು ಲಕ್ಷದಲ್ಲಿ ಒಂದು ಭಾಗದ ವ್ಯತ್ಯಾಸ ತೋರಿಸುತ್ತಿತ್ತು.

ಇಂಥ ಮನುಷ್ಯನ ಹತ್ತಿರ 1854ರಲ್ಲಿ ಸರ್ಕಾರ ಬಂತು. ಕ್ರಿಮಿಯಾ ಯುದ್ಧದ ಕಾಲ. ಸೈನ್ಯಕ್ಕೆ ಎನ್‌ಫೀಲ್ಡ್ ರೈಫಲ್ ರಾಶಿಗಟ್ಟಲೆ ಬೇಕಾಗಿತ್ತು, ಅದನ್ನು ತಯಾರಿಸೋ ಯಂತ್ರಗಳನ್ನು ಮಾಡಿಕೊಡು ಅನ್ನೋದು ಬೇಡಿಕೆ. ಯಾವ ಕಾರ್ಖಾನೆಯವನೇ ಆದರೂ ಆರ್ಡರ್ ಬಂತಲ್ಲ ಅಂತ ಕೈ ಹಾಕುತ್ತಿದ್ದ. ವಿಟ್ವರ್ತ್ ಹಾಕಲಿಲ್ಲ. ನಳಿಗೆ ಹೇಗಿದ್ದರೆ ಗುಂಡು ನೆಟ್ಟಗೆ ಹೋಗುತ್ತೆ ಅಂತಲೇ ಯಾರಿಗೂ ಸರಿಯಾಗಿ ಗೊತ್ತಿಲ್ಲದಾಗ ಯಂತ್ರ ಮಾಡಿ ಏನು ಪ್ರಯೋಜನ, ಮೊದಲು ಅದನ್ನು ಕಂಡುಹಿಡಿಯೋಣ ಅಂತ ಪಟ್ಟು ಹಿಡಿದ. ಸೇನಾಧಿಪತಿ ಲಾರ್ಡ್ ಹಾರ್ಡಿಂಜ್ ಅವನ ಬೆನ್ನಿಗೆ ನಿಂತ. ಹಿಂದೆ ಇಂಡಿಯಾದ ಗವರ್ನರ್ ಜನರಲ್ ಆಗಿದ್ದವನೇ ಈ ಹಾರ್ಡಿಂಜ್.

ಮ್ಯಾಂಚೆಸ್ಟರ್ ಹೊರಗೆ, ವಿಟ್ವರ್ತ್ ಮನೆಯ ಹಿತ್ತಲಿನಲ್ಲೇ ಸರ್ಕಾರಿ ಖರ್ಚಿನಲ್ಲಿ 500 ಗಜ ಉದ್ದದ ಮುಚ್ಚಿದ ಚಾವಡಿ ಎದ್ದಿತು. ಅಂದ್ರೆ ಸುಮಾರು 457 ಮೀಟರ್. ಒಂದು ಬಿರುಗಾಳಿ ಅದನ್ನು ಕೆಡವಿತು. ಮತ್ತೆ ಕಟ್ಟಿಸಿ 1855ರಲ್ಲಿ ಪ್ರಯೋಗ ಶುರು ಮಾಡಿದ. ದಾರಿಯುದ್ದಕ್ಕೂ ತೆಳು ಕಾಗದದ ಪರದೆಗಳು. ಗುಂಡು ಒಂದೊಂದನ್ನೂ ತೂತು ಮಾಡುತ್ತಾ ಹೋಗುತ್ತೆ, ಆ ತೂತುಗಳನ್ನು ಅಳೆದರೆ ಗುಂಡು ಸಾಗಿದ ದಾರಿ ಸಿಗುತ್ತೆ, ಅದು ಅಡ್ಡ ತಿರುಗಿದ್ದರೆ ಅದೂ ಕಾಣುತ್ತೆ. ಹೈಸ್ಪೀಡ್ ಕ್ಯಾಮೆರಾ ಇಲ್ಲದ ಕಾಲದಲ್ಲಿ ಇದಕ್ಕಿಂತ ಚೆನ್ನಾದ ಡೇಟಾ ಇನ್ನೆಲ್ಲಿ?

ಕಂಡುಕೊಂಡದ್ದೇನು? ಎನ್‌ಫೀಲ್ಡ್ ನಳಿಗೆಯ ಒಳವ್ಯಾಸ 0.577 ಇಂಚು, ಗುಂಡಿನ ತೂಕ 530 ಗ್ರೇನ್, ಅಂದ್ರೆ ಸುಮಾರು 34 ಗ್ರಾಂ. ವಿಟ್ವರ್ತ್ ಗುಂಡಿನ ತೂಕವನ್ನು ಹಾಗೇ ಉಳಿಸಿಕೊಂಡು ವ್ಯಾಸವನ್ನು 0.451 ಇಂಚಿಗೆ ಇಳಿಸಿದ. ಅಷ್ಟೇ ಸೀಸವನ್ನು ಸಣ್ಣ ನಳಿಗೆಗೆ ಹೊಂದಿಸಬೇಕಾದರೆ ಗುಂಡು ಉದ್ದವಾಗಲೇಬೇಕು. ವ್ಯಾಸದ ವರ್ಗ ಹಾಕಿ ನೋಡಿ: ಗಾಳಿಗೆ ಎದುರಾಗುವ ಮುಖ ಹಳೆಯದರ ಶೇಕಡಾ 61 ಮಾತ್ರ. ಹಿಂದಿನಿಂದ ತಳ್ಳುವ ತೂಕ ಅಷ್ಟೇ, ಮುಂದಿನಿಂದ ತಡೆಯುವ ಗಾಳಿ ಕಡಿಮೆ. ಹೀಗಾಗಿ ದೂರ ಹೋದಂತೆ ವೇಗ ಬೇಗ ಸೋರಿ ಹೋಗಲ್ಲ, ಗುಂಡು ಬೇಗ ಬೀಳಲ್ಲ.

ಆದರೆ ಉದ್ದದ ಗುಂಡಿಗೆ ಒಂದು ರೋಗವಿದೆ. ಸಾಕಷ್ಟು ಗಿರ್ರನೆ ತಿರುಗದಿದ್ದರೆ ಗಾಳಿಯಲ್ಲಿ ತಲೆಕೆಳಗಾಗಿ ಉರುಳುತ್ತೆ. ಬುಗುರಿ ನಿಧಾನವಾದರೆ ಓಲಾಡಲ್ವಾ, ಹಾಗೆ. ಎನ್‌ಫೀಲ್ಡ್ ನಳಿಗೆಯೊಳಗಿನ ಗಾಡಿ 78 ಇಂಚಿಗೆ ಒಂದು ಸುತ್ತು ಬರುತ್ತಿತ್ತು. ವಿಟ್ವರ್ತ್ ಅದನ್ನು 20 ಇಂಚಿಗೆ ಒಂದು ಸುತ್ತು ಮಾಡಿದ. ಗುಂಡಿನ ವೇಗ ಸೆಕೆಂಡಿಗೆ 1200 ಅಡಿ ಅಂತ ಇಟ್ಟುಕೊಂಡರೆ ಮೊದಲನೆಯದರಲ್ಲಿ ಸೆಕೆಂಡಿಗೆ ಸುಮಾರು 185 ಸುತ್ತು, ಎರಡನೆಯದರಲ್ಲಿ 720. ಅಷ್ಟು ರಭಸದಲ್ಲಿ ಗುಂಡು ಗಾಡಿ ತಪ್ಪಿ ಜಾರಬಾರದು ಅಂತ ನಳಿಗೆಯ ಒಳಗನ್ನೇ ಆರು ಮೂಲೆಯದಾಗಿ, ತಿರುಚಿದ ಷಟ್ಕೋನವಾಗಿ ಕೊರೆದ. ಗುಂಡೂ ಅದಕ್ಕೆ ತಕ್ಕ ಹಾಗೆ ಆರು ಮುಖದ್ದು. ಅರ್ಥಾತ್, ಬಂದೂಕಿನೊಳಗೆ ನಟ್ಟು ಬೋಲ್ಟು! ಮೂಲೆಗಳಿರುವ ನಳಿಗೆಯ ಯೋಚನೆ ಅವನಿಗಿಂತ ಮೊದಲೇ ಬ್ರೂನೆಲ್‌ನಂಥವರಿಗೂ ಬಂದಿತ್ತು. ಅದನ್ನು ಅಷ್ಟು ನಿಖರವಾಗಿ ಕೊರೆದು, ಎಷ್ಟು ತಿರುಚಬೇಕು ಅಂತ ಅಳೆದು ನಿರ್ಧರಿಸಿದ್ದು ವಿಟ್ವರ್ತ್‌ನ ಹೆಚ್ಚುಗಾರಿಕೆ.

1857ರ ಏಪ್ರಿಲ್‌ನಲ್ಲಿ ಹೈತ್ ಎಂಬಲ್ಲಿನ ಸೈನ್ಯದ ಶಾಲೆಯಲ್ಲಿ ಎರಡೂ ಬಂದೂಕುಗಳ ಪೈಪೋಟಿ ನಡೆಯಿತು. 500 ಗಜದಲ್ಲಿ ಎನ್‌ಫೀಲ್ಡ್ ಗುಂಡುಗಳು ಸರಾಸರಿ ಸುಮಾರು ಎರಡೂಕಾಲು ಅಡಿ ಚೆದುರಿದವು. ವಿಟ್ವರ್ತ್‌ನವು ನಾಲ್ಕೂವರೆ ಇಂಚಿನಷ್ಟು. 800 ಗಜದಲ್ಲಿ ಒಂದು ನಾಲ್ಕು ಅಡಿ, ಇನ್ನೊಂದು ಒಂದೇ ಅಡಿ. 1400 ಗಜಕ್ಕೆ ಹೋದಾಗ ಎನ್‌ಫೀಲ್ಡ್ ಲೆಕ್ಕಕ್ಕೇ ಸಿಗಲಿಲ್ಲ. ವಿಟ್ವರ್ತ್ ಮಾತ್ರ ನಾಲ್ಕೂವರೆ ಅಡಿಯ ಆಸುಪಾಸಿನಲ್ಲಿ ಹೊಡೆಯುತ್ತಲೇ ಇತ್ತು. ಇದಾದ ಮರು ತಿಂಗಳು ಮೀರತ್‌ನಲ್ಲಿ ಸಿಪಾಯಿಗಳು ದಂಗೆಯೆದ್ದರು. ಕೊಬ್ಬು ಸವರಿದ ತೋಟೆಗಳ ಗಲಾಟೆ ಅಂತ ನಾವು ಶಾಲೆಯಲ್ಲಿ ಓದಿದ್ದು ಇದೇ ಎನ್‌ಫೀಲ್ಡ್ ಬಂದೂಕಿನ ತೋಟೆಗಳ ವಿಷಯ.

ಇಷ್ಟಾದ ಮೇಲೆ ಸೈನ್ಯ ವಿಟ್ವರ್ತ್ ರೈಫಲ್ ತಗೊಂಡಿರಬೇಕಲ್ಲ? ಇಲ್ಲ. ಹಾರ್ಡಿಂಜ್ ಅಷ್ಟರಲ್ಲಿ ಸತ್ತು ಹೋಗಿದ್ದ. ಪರಿಶೀಲಿಸಿದ ಸಮಿತಿ, ಯುದ್ಧಕ್ಕೆ ಈ ನಳಿಗೆ ತೀರಾ ಸಣ್ಣದಾಯಿತು ಎಂದಿತು. ಅವರ ತಕರಾರಿನಲ್ಲಿ ಹುರುಳಿರಲಿಲ್ಲ ಅನ್ನುವ ಹಾಗಿಲ್ಲ. ಆಗಿನ ಕರಿ ಮದ್ದು ಸುಟ್ಟ ಮೇಲೆ ನಳಿಗೆಯೊಳಗೆ ಮಸಿ ಕಟ್ಟುತ್ತಿತ್ತು. ಸಣ್ಣ ನಳಿಗೆಯಲ್ಲಿ ಅದು ಬೇಗ ತೊಂದರೆ ಕೊಡುತ್ತೆ, ಬಾಯಿಂದ ಗುಂಡು ತುಂಬಬೇಕಾದ ಸಿಪಾಯಿ ಯುದ್ಧದ ನಡುವೆ ನಳಿಗೆ ಒರೆಸುತ್ತಾ ಕೂರಲಾಗಲ್ಲ. ಬೆಲೆಯೂ ಎನ್‌ಫೀಲ್ಡ್‌ಗಿಂತ ಹಲವು ಪಟ್ಟು. ಪರೀಕ್ಷೆಗೆಂದು ಕೆಲವು ಸಾವಿರ ಬಂದೂಕು ಮಾಡಿಸಿದ್ದಷ್ಟೇ, ಇಡೀ ಸೈನ್ಯಕ್ಕೆ ಅದು ಬರಲಿಲ್ಲ.

ಮೈದಾನದ ಗುರಿಕಾರರು ಮಾತ್ರ ಅದನ್ನು ಎರಡೂ ಕೈಯಲ್ಲಿ ಬರಮಾಡಿಕೊಂಡರು. 1860ರ ಜುಲೈ 2ರಂದು ವಿಂಬಲ್ಡನ್‌ನಲ್ಲಿ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಸ್ಪರ್ಧೆ ಶುರುವಾದಾಗ ಮೊದಲ ಗುಂಡು ಹಾರಿಸಿದ್ದು ವಿಕ್ಟೋರಿಯಾ ರಾಣಿ. ವಿಟ್ವರ್ತ್ ತನ್ನ ರೈಫಲ್ಲನ್ನು ಯಂತ್ರದ ಆಸರೆಯ ಮೇಲೆ ಗುರಿಯಿಟ್ಟು ಕೂರಿಸಿದ್ದ. ರಾಣಿ ರೇಷ್ಮೆ ಹುರಿ ಎಳೆದಳು. 400 ಗಜದಾಚೆ ಗುಂಡು ಗುರಿಯ ನಡುಬಿಂದುವಿನಿಂದ ಒಂದೂಕಾಲು ಇಂಚಿನಷ್ಟೇ ದೂರದಲ್ಲಿ ನಾಟಿತು. ಅಲ್ಲಿಂದ ಮುಂದೆ ದೂರದ ಗುರಿಯ ಸ್ಪರ್ಧೆ ಅಂದ್ರೆ ಸಣ್ಣ ನಳಿಗೆಯ ರೈಫಲ್ ಅನ್ನುವಂತಾಯಿತು.

ಕಥೆಯ ಇನ್ನೊಂದು ಮುಖವನ್ನೂ ಹೇಳಬೇಕು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರು ನೌಕಾ ದಿಗ್ಬಂಧನ ತಪ್ಪಿಸಿ ಈ ರೈಫಲ್‌ಗಳನ್ನು ಸ್ವಲ್ಪ ಸಂಖ್ಯೆಯಲ್ಲಿ ತರಿಸಿಕೊಂಡರು. ಕೆಲವಕ್ಕೆ ಪಕ್ಕದಲ್ಲಿ ದುರ್ಬೀನು ಕೂರಿಸಿ ಆಯ್ದ ಗುರಿಕಾರರ ಕೈಗೆ ಕೊಟ್ಟರು. 1864ರ ಮೇ 9ರಂದು ಸ್ಪಾಟ್ಸಿಲ್ವೇನಿಯಾದಲ್ಲಿ ಉತ್ತರದ ಜನರಲ್ ಜಾನ್ ಸೆಡ್ಜ್‌ವಿಕ್, ಅಷ್ಟು ದೂರದಿಂದ ಯಾರಿಗೂ ತಾಗಲ್ಲ ಅಂತ ತನ್ನ ಸೈನಿಕರಿಗೆ ಧೈರ್ಯ ಹೇಳುತ್ತಿದ್ದಾಗಲೇ ತಲೆಗೆ ಗುಂಡು ಬಿದ್ದು ಸತ್ತ. ಅದು ವಿಟ್ವರ್ತ್ ಗುಂಡು ಅನ್ನೋದು ಸಾಮಾನ್ಯವಾದ ನಂಬಿಕೆ. ಕಾಗದದ ಪರದೆಯಲ್ಲಿ ಇಂಚು ಲೆಕ್ಕದಲ್ಲಿ ಅಳೆದ ನಿಖರತೆ ರಣರಂಗದಲ್ಲಿ ಇಳಿಯುವುದು ಒಬ್ಬ ಮನುಷ್ಯನ ಮೈಮೇಲೆ. ಗುಲಾಮಗಿರಿ ಉಳಿಸಿಕೊಳ್ಳಲು ಹೊರಟವರ ಕೈಯಲ್ಲೂ ಆ ಬಂದೂಕು ಅಷ್ಟೇ ಚೆನ್ನಾಗಿ ಹೊಡೆಯಿತು. ನಾವು ಮಾಡುವ ವಸ್ತು ಯಾರ ಕೈ ಸೇರುತ್ತೆ ಅನ್ನೋದನ್ನು ಯಾವ ಮೈಕ್ರೋಮೀಟರೂ ಅಳೆಯಲ್ಲ, ಆ ಲೆಕ್ಕವನ್ನು ನಾವೇ ಹಾಕಬೇಕು.

ಸೈನ್ಯ ಕೊನೆಗೆ ಅದೇ ದಾರಿಗೆ ಬಂತು. 1871ರಲ್ಲಿ ಬಂದ ಮಾರ್ಟಿನಿ-ಹೆನ್ರಿ ರೈಫಲ್ಲಿನ ನಳಿಗೆ 0.45 ಇಂಚು. ವಿಟ್ವರ್ತ್‌ಗೆ ತೀರಾ ಸಣ್ಣದು ಅಂತ ಹೇಳಿದ್ದ ಹೆಚ್ಚುಕಡಿಮೆ ಅದೇ ಅಳತೆ! ಹಿಂದಿನಿಂದ ತೋಟೆ ತುಂಬುವ ವ್ಯವಸ್ಥೆ ಬಂದು ಮಸಿಯ ಕಾಟ ಅಷ್ಟರಲ್ಲಿ ತಗ್ಗಿತ್ತು. ಹೆಸರು ಬೇರೆಯವರದಾಯಿತು, ಆದರೆ ಉದ್ದ ಗುಂಡು, ಸಣ್ಣ ನಳಿಗೆ, ಬಿರುಸಿನ ಸುತ್ತು ಎಂಬ ಪಾಠ ಅವನು ಅಳೆದು ತೋರಿಸಿದ್ದೇ.

ವಿಟ್ವರ್ತ್‌ಗೆ 1869ರಲ್ಲಿ ಬ್ಯಾರನೆಟ್ ಪದವಿ ಬಂತು. ಅದಕ್ಕೂ ಹಿಂದಿನ ವರ್ಷವೇ ಅವನು ಇನ್ನೊಂದು ಕೆಲಸ ಮಾಡಿದ್ದ. ಕೈಕೆಲಸವನ್ನೂ ಓದನ್ನೂ ಎರಡನ್ನೂ ಬಲ್ಲ ಯುವಕರಿಗೆ ವರ್ಷಕ್ಕೆ 100 ಪೌಂಡಿನ 30 ವಿದ್ಯಾರ್ಥಿವೇತನಗಳು. ಕಾರ್ಖಾನೆಯಲ್ಲಿ ಅರ ಹಿಡಿದ ಹುಡುಗನೂ ಪರೀಕ್ಷೆ ಬರೆದು ಗೆಲ್ಲಬಹುದಿತ್ತು. 1887ರ ಜನವರಿ 22ರಂದು ಮಾಂಟೆ ಕಾರ್ಲೋದಲ್ಲಿ, 83ನೇ ವಯಸ್ಸಿನಲ್ಲಿ ತೀರಿಕೊಂಡ. ಮುಂದೆ ಅವನ ಆಸ್ತಿಯ ಹಣ ಮ್ಯಾಂಚೆಸ್ಟರ್‌ನ ವಿದ್ಯಾಸಂಸ್ಥೆಗೆ, ಆಸ್ಪತ್ರೆಗೆ, ಇವತ್ತೂ ಅವನ ಹೆಸರಿನಲ್ಲೇ ಇರುವ ಕಲಾ ಗ್ಯಾಲರಿಗೆ ಹೋಯಿತು.

ಅವನು ಸತ್ತ ಮರು ವರ್ಷ, 1888ರಲ್ಲಿ, ಬ್ರಿಟಿಷ್ ಸೈನ್ಯ ನಳಿಗೆಯನ್ನು ಇನ್ನೂ ಸಣ್ಣದು ಮಾಡಿ 0.303 ಇಂಚಿಗೆ ಇಳಿಸಿತು. ನಮ್ಮ ಪೊಲೀಸರು ದಶಕಗಟ್ಟಲೆ ಹೆಗಲ ಮೇಲೆ ಹೊತ್ತ ತ್ರೀ ನಾಟ್ ತ್ರೀ ರೈಫಲ್ ಹೆಸರು ಬಂದದ್ದು ಆ ಅಳತೆಯಿಂದಲೇ. ದೊಡ್ಡ ಗುಂಡೇ ದೂರ ಹೋಗುತ್ತೆ ಅನ್ನೋ ನಂಬಿಕೆ ಹಾಗೆ ಸಣ್ಣಗಾಗುತ್ತಾ ಬಂತು. ಮೊದಲು ಅದನ್ನು ಕೊರೆದದ್ದು, ಆರ್ಡರ್ ಕೈಯಲ್ಲಿದ್ದಾಗಲೂ ಇರಿ, ಅಳೆದು ನೋಡೋಣ ಅಂದ ಒಬ್ಬ ಮೆಕ್ಯಾನಿಕ್.