ರೊನಾಲ್ಡ್ ರಾಸ್

ನಮ್ಮ ನೀಲಗಿರಿಯ ಸೀಗೂರು ಘಟ್ಟವು ಚಳಿಜ್ವರಕ್ಕೆ ಕುಖ್ಯಾತವಾಗಿದ್ದಿತು. 1897ರಲ್ಲಿ ಅದರ ಶೋಧನೆಗೆಂದು ಅಲ್ಲಿಗೆ ಬಂದ ರೊನಾಲ್ಡ್ ರಾಸರು ತಾವೇ ಆ ಜ್ವರಕ್ಕೆ ತುತ್ತಾದರು.

1857ರಲ್ಲಿ ಅಲ್ಮೋರದಲ್ಲಿ ಜನಿಸಿದ ರಾಸರು, ಕಾವ್ಯಾಸಕ್ತರಾಗಿದ್ದರೂ ತಂದೆಯ ಇಚ್ಛೆಯಂತೆ ವೈದ್ಯರಾದವರು. ಸೊಳ್ಳೆಯೇ ಮಲೇರಿಯದ ವಾಹಕವಿರಬಹುದೆಂಬ ಗುರು ಮ್ಯಾನ್ಸನರ ಊಹೆಯನ್ನು ನಂಬಿ ಎರಡು ವರ್ಷ ಸೊಳ್ಳೆಗಳನ್ನು ಸೀಳಿ ನೋಡಿದರು, ಫಲ ದೊರೆಯಲಿಲ್ಲ. ಪರೀಕ್ಷಿಸಿದ ಜಾತಿಯೇ ಬೇರೆಯಾಗಿದ್ದಿತು! ಕೊನೆಗೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ರೋಗಿ ಹುಸೇನ್ ಖಾನನ ರಕ್ತ ಹೀರಿದ್ದ ಚುಕ್ಕೆರೆಕ್ಕೆಯ ಸೊಳ್ಳೆಯ ಜಠರಭಿತ್ತಿಯಲ್ಲಿ ರೋಗಾಣುವು ಕಾಣಿಸಿತು. ಕಚ್ಚಿಸಿಕೊಂಡುದಕ್ಕೆ ಸೊಳ್ಳೆಯೊಂದಕ್ಕೆ ಒಂದಾಣೆ ಪಡೆದ ಆತನನ್ನೂ ಇಲ್ಲಿ ನೆನೆಯುವುದು ನ್ಯಾಯ. 1898ರಲ್ಲಿ ಕಲ್ಕತ್ತೆಯಲ್ಲಿ, ಹಕ್ಕಿಗಳ ಮಲೇರಿಯವು ಸೊಳ್ಳೆಯ ಕಡಿತದಿಂದಲೇ ಹರಡುವುದೆಂದು ಸ್ಥಾಪಿಸಿದರು. ಮನುಷ್ಯರಲ್ಲಿ ಅದನ್ನು ತೋರಿಸಿದವರು ಇಟಲಿಯ ವಿದ್ವಾಂಸರು. 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಾಸರು 1932ರಲ್ಲಿ ಲಂಡನ್ನಿನಲ್ಲಿ ನಿಧನ ಹೊಂದಿದರು.