ಕಮಲಾ ಸೊಹೊನಿ

ಕಮಲಾ ಸೊಹೊನಿ (18 ಜೂನ್ 1911 – 28 ಜೂನ್ 1998) ಭಾರತದ ಜೀವರಸಾಯನ ವಿಜ್ಞಾನಿ. ದ್ವಿದಳ ಧಾನ್ಯಗಳ ಪ್ರೋಟೀನು ಹಾಗೂ ಅದರ ಪಚನಕ್ಕೆ ಅಡ್ಡಿಯಾಗುವ ಅಂಶಗಳ ಕುರಿತ ಸಂಶೋಧನೆಗೆ ಹೆಸರಾದವರು. ವಿಜ್ಞಾನ ವಿಷಯದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಒಬ್ಬರು.

ಜನನ ಮತ್ತು ಶಿಕ್ಷಣ

ಕಮಲಾ ಜನಿಸಿದ್ದು ಇಂದೋರಿನಲ್ಲಿ. ತಂದೆ ನಾರಾಯಣರಾವ್ ಭಾಗವತ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ರಸಾಯನ ವಿಜ್ಞಾನಿ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪದವಿ ಪಡೆದ ಕಮಲಾ ಅದೇ ಸಂಸ್ಥೆಗೆ ಅರ್ಜಿ ಸಲ್ಲಿಸಿದರು. ಮಹಿಳೆಯೆಂಬ ಕಾರಣಕ್ಕೆ ನಿರ್ದೇಶಕ ಸಿ. ವಿ. ರಾಮನ್ ಪ್ರವೇಶ ನಿರಾಕರಿಸಿದರು. ಕಮಲಾ ಪಟ್ಟು ಬಿಡದಿದ್ದಾಗ, ಮೊದಲ ವರ್ಷ ಪೂರ್ಣಪ್ರಮಾಣದ ವಿದ್ಯಾರ್ಥಿನಿಯೆಂದು ಪರಿಗಣಿಸುವುದಿಲ್ಲವೆಂಬ ಷರತ್ತಿನೊಡನೆ ಸೇರಿಸಿಕೊಳ್ಳಲಾಯಿತು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಧ್ಯಯನ ಮಾಡಿ 1936ರಲ್ಲಿ ಎಂ.ಎಸ್‌ಸಿ. ಪದವಿ ಪಡೆದರು. ಅವರ ಕೆಲಸವನ್ನು ಮೆಚ್ಚಿದ ರಾಮನ್ ಬಳಿಕ ಇತರ ಮಹಿಳೆಯರಿಗೂ ಪ್ರವೇಶ ನೀಡಿದರು. 1939ರಲ್ಲಿ ಕಮಲಾ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು.

ಆಹಾರ ಸಂಶೋಧನೆ

ಸ್ವದೇಶಕ್ಕೆ ಮರಳಿದ ಅವರು ದೆಹಲಿ, ಕೂನೂರು ಹಾಗೂ ಮುಂಬಯಿಯಲ್ಲಿ ಕಾರ್ಯನಿರ್ವಹಿಸಿದರು. ಕೆ. ಎಸ್. ಅಂಬೆಯವರೊಂದಿಗೆ ಅವರೆಕಾಳಿನ ಟ್ರಿಪ್ಸಿನ್ ನಿರೋಧಕವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ ವಿವರ 1955ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಟ್ರಿಪ್ಸಿನ್ ಸಣ್ಣಕರುಳಿನಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವ. ಅದಕ್ಕೆ ತಡೆಯಾದರೆ ತಿಂದ ಕಾಳಿನ ಪ್ರೋಟೀನು ದೇಹಕ್ಕೆ ಪೂರ್ತಿಯಾಗಿ ದಕ್ಕುವುದಿಲ್ಲ. ಚೆನ್ನಾಗಿ ಬೇಯಿಸಿದಾಗ ಇಂಥ ನಿರೋಧಕಗಳು ಬಹುಮಟ್ಟಿಗೆ ನಿಷ್ಕ್ರಿಯವಾಗುತ್ತವೆ. ಕಾಳುಗಳನ್ನು ಬೇಯಿಸಿಯೇ ತಿನ್ನಬೇಕೆಂಬ ಆಹಾರ ಸಲಹೆಗೆ ಇದೂ ಒಂದು ಆಧಾರ.

ತಾಳೆ ಜಾತಿಯ ಮರಗಳಿಂದ ಇಳಿಸುವ ಸಿಹಿ ರಸವಾದ ನೀರಾದ ಪೋಷಕಗುಣಗಳ ಕುರಿತ ಸಂಶೋಧನೆಗೆ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ದೊರೆಯಿತು. ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದ ಸದಸ್ಯೆಯಾಗಿ, ಅದರ ಪತ್ರಿಕೆಯಲ್ಲಿ ಗ್ರಾಹಕರ ಸುರಕ್ಷತೆಯ ಕುರಿತು ಲೇಖನಗಳನ್ನು ಬರೆದರು.